ಬೌಲಿಂಗ್ ಪಿನ್: ಅಸಲಿ ಬೇಕಾ, ಮನೆಯಲ್ಲೇ ಮಾಡೋಣವಾ?

ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಟೆನ್‌ಪಿನ್ ಬೌಲಿಂಗ್ ಆಟದ ಮರದ ಪಿನ್ ಒಂದೇ ತುಂಡಲ್ಲ. ಮೇಪಲ್ ಮರದ ತುಂಡುಗಳನ್ನು ಅಂಟಿಸಿ, ಲೇತ್ ಎಂಬ ತಿರುಗುವ ಯಂತ್ರದಲ್ಲಿ ಕಡೆದು, ಮೇಲೆ ಗಟ್ಟಿ ಪ್ಲಾಸ್ಟಿಕ್ ಹೊದಿಸುತ್ತಾರೆ. ಎತ್ತರ 15 ಇಂಚು, ತೂಕ ಸುಮಾರು ಒಂದೂವರೆ ಕೆಜಿ. ಏಳು ಕೆಜಿ ಚೆಂಡಿನ ಏಟು ತಡೆಯುವುದು ಅದಕ್ಕೇ. ಆದರೆ ಮನೆಯ ಟೈಲ್ಸ್ ಮೇಲೆ ಇದು ಬಿದ್ದರೆ? ಟೈಲ್ಸೇ ಹೋಗುತ್ತದೆ.

ಅಂಗಳಕ್ಕಾದರೆ ಎಂಟು ಇಂಚಿನ ಮರದ ಪಿನ್ ಕಡೆಸಿಕೊಳ್ಳುವುದೇ ನನಗಿಷ್ಟ. ಚೆನ್ನಪಟ್ಟಣದ ಆಟಿಕೆಯವರು ಬಳಸುವ ಆಲೆ ಮರ ಸಾಕು, ನಯವಾಗಿ ಬರುತ್ತದೆ. ಚೆನ್ನಾಗಿ ಒಣಗಿರಬೇಕು, ಮರದ ಎಳೆ ಪಿನ್ನಿನ ಉದ್ದಕ್ಕೆ ಸಾಗಬೇಕು. ಅಡ್ಡ ಎಳೆಯಾದರೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಬುಡದ ನಡುವೆ ಒಂಚೂರು ಒಳಗೆ ಕೆತ್ತಿಸಿ. ಆಗ ಪಿನ್ ಅಂಚಿನ ಮೇಲೆ ಕೂರುತ್ತದೆ, ಅಲುಗಾಡುವುದಿಲ್ಲ. ಖರ್ಚು ಮಾತ್ರ ಪ್ಲಾಸ್ಟಿಕ್ ಬಾಟಲಿಯನ್ನೇ ಪಿನ್ ಮಾಡಿಕೊಳ್ಳುವುದಕ್ಕಿಂತ ಜಾಸ್ತಿ.

ಮಕ್ಕಳು ಚಿಕ್ಕವರಾ? ಸುಮ್ನೆ ಅರ್ಧ ಲೀಟರಿನ ಹತ್ತು ಖಾಲಿ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಎಲ್ಲದಕ್ಕೂ ಒಂದೇ ಅಳತೆಯ ಒಣ ಮರಳು, ಎರಡು ಬೆರಳಿನಷ್ಟು. ಮುಚ್ಚಳಕ್ಕೆ ಟೇಪ್ ಸುತ್ತಿ. ರಬ್ಬರ್ ಚೆಂಡು ಸಾಕು. ಬಿದ್ದಾಗ ಮರದ ಪಿನ್ನಿನ ಆ ಟಣ್ ಸದ್ದು ಬರುವುದಿಲ್ಲ, ಅಷ್ಟೇ.