ಸಾಲದ ಆ್ಯಪ್‌ಗೆ ನಿಮ್ಮ ಫೋನಿನ ಸಂಪರ್ಕ ಪಟ್ಟಿಯನ್ನು ಒಪ್ಪಿಸಬೇಡಿ

ಕಳೆದ ವರ್ಷ ಕಬ್ಬಿನ ಬಿಲ್ಲು ಕೈಸೇರುವುದು ತಡವಾಗಿ, ಮಗಳ ಕಾಲೇಜು ಶುಲ್ಕ ಕಟ್ಟಲು ಮೂರೇ ದಿನ ಉಳಿದಿದ್ದಾಗ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಸಾಲದ ಆ್ಯಪ್ ಒಂದನ್ನು ಇಳಿಸಿಕೊಂಡೆ. ಮಂಡ್ಯ ಬಸ್ ನಿಲ್ದಾಣದಲ್ಲಿ ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತಾ ಕುಳಿತಿದ್ದೆ. ಬಸ್ಸು ಬರುವುದರೊಳಗೆ ಎಲ್ಲವೂ ಮುಗಿದಿತ್ತು. ಸಂಪರ್ಕ ಪಟ್ಟಿ, ಎಸ್‌ಎಂಎಸ್, ಫೋಟೋ ಎಂದು ಒಂದರ ಹಿಂದೆ ಒಂದು ಅನುಮತಿ ಕೇಳಿತು, ನಾನು ಓದದೆ ಎಲ್ಲಕ್ಕೂ ಒಪ್ಪಿದೆ. 6,000 ರೂಪಾಯಿ ಸಾಲದಲ್ಲಿ 2,100 ರೂಪಾಯಿಯನ್ನು ಶುಲ್ಕವೆಂದು ಮುರಿದುಕೊಂಡು 3,900 ಖಾತೆಗೆ ಹಾಕಿದರು. ಏಳು ದಿನದಲ್ಲಿ ಪೂರಾ 6,000 ಕಟ್ಟಬೇಕಿತ್ತು. ಆ ನಷ್ಟವನ್ನು ಹೇಗೋ ನುಂಗಿಕೊಳ್ಳಬಹುದಿತ್ತು.

ಹಣ ಹೊಂದಿಸಲು ಒಂದು ದಿನ ತಡವಾಯಿತು. ಎಂಟನೆಯ ದಿನ ಬೆಳಿಗ್ಗೆ ಆರು ಗಂಟೆಗೆ ನನ್ನ ಸೋದರತ್ತೆಗೆ ಕರೆ ಬಂತು. "ಪಾಲಹಳ್ಳಿ ಅತ್ತೆಯವರಾ?" ಎಂದು ಯಾರೋ ಗಂಡಸು ಕೇಳಿದನಂತೆ. ಅವರಿಗೆ ಆ ಹೆಸರು ಇರುವುದು ನನ್ನ ಫೋನಿನಲ್ಲಿ ಮಾತ್ರ. ಮಧ್ಯಾಹ್ನದೊಳಗೆ ಹಾಲಿನ ಡೇರಿಯ ಕಾರ್ಯದರ್ಶಿಗೂ, ಪಂಪ್‌ಸೆಟ್ ರಿಪೇರಿಯವರಿಗೂ, ಮಗಳ ಉಪನ್ಯಾಸಕಿಗೂ ನನ್ನ ಫೋಟೋದ ಮೇಲೆ "ಕಳ್ಳ" ಎಂದು ಬರೆದ ಚಿತ್ರ ತಲುಪಿತ್ತು. ಸಾಲ ನನ್ನದು, ಅವರಲ್ಲಿ ಒಬ್ಬರೂ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಅವರ ನಂಬರುಗಳನ್ನು ಪರರಿಗೆ ಕೊಡುವ ಹಕ್ಕು ನನಗಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಅಂದು ಸಂಜೆಯೇ ಹಣ ಕಟ್ಟಿ, ಆ್ಯಪ್ ಅಳಿಸಿ, ಪೀಡೆ ತೊಲಗಿತು ಎಂದುಕೊಂಡೆ. ಆದರೆ ಅಳಿಸಿದ್ದು ನನ್ನ ಫೋನಿನಿಂದ ಮಾತ್ರ, ಮಾಹಿತಿಯ ಪ್ರತಿ ಆಗಲೇ ಅವರ ಸರ್ವರ್‌ಗೆ ಹೋಗಿಯಾಗಿತ್ತು. ಮೂರು ವಾರಗಳ ನಂತರ ಹೆಸರೇ ಕೇಳದ ಇಬ್ಬರು ಸಾಲದವರು ಕರೆ ಮಾಡಿದರು. ಅವರ ಬಳಿ ನನ್ನ ಪ್ಯಾನ್ ಸಂಖ್ಯೆ ಮಾತ್ರವಲ್ಲ, ಹಾಲಿನ ಹಣ ಎಷ್ಟು ಜಮೆಯಾಗುತ್ತದೆ ಎಂಬ ಲೆಕ್ಕವೂ ಇತ್ತು. ಎಸ್‌ಎಂಎಸ್ ಓದುವ ಅನುಮತಿ ಸಿಕ್ಕರೆ ಬ್ಯಾಂಕಿನಿಂದ ಬರುವ ಪ್ರತಿಯೊಂದು ಸಂದೇಶದಿಂದ ಆದಾಯ, ಖರ್ಚು, ಬಾಕಿ ಎಲ್ಲವನ್ನೂ ಹೆಕ್ಕಿ ತೆಗೆಯಬಹುದೆಂಬುದು ನನಗೆ ಆಗ ಅರ್ಥವಾಯಿತು.

ನಿಯಮಗಳು ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ತಂದು, 2025ರ ನಿರ್ದೇಶನಗಳಲ್ಲೂ ಉಳಿಸಿಕೊಂಡ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋ ಮತ್ತು ಕಡತಗಳನ್ನು ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಗ್ರಾಹಕರ ಗುರುತು ದೃಢಪಡಿಸಿಕೊಳ್ಳಲು, ಅವರ ಒಪ್ಪಿಗೆ ಪಡೆದು, ಒಂದು ಬಾರಿ ಮಾತ್ರ ಬಳಸಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆದು, ಮಾಹಿತಿ ಅಳಿಸುವಂತೆ ಕೇಳುವ ಹಕ್ಕೂ ನಮಗಿದೆ. ಗೂಗಲ್ ಕೂಡ 2023ರಿಂದ ಪ್ಲೇ ಸ್ಟೋರ್‌ನ ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ ಮತ್ತು ಫೋಟೋ ಕೇಳುವುದನ್ನು ನಿಷೇಧಿಸಿದೆ. ನಾನು ಇಳಿಸಿಕೊಂಡದ್ದು ಲಿಂಕ್‌ನಿಂದ ಬಂದ ಆ್ಯಪ್ ಆದ್ದರಿಂದ ಆ ತಡೆ ನನ್ನನ್ನು ಕಾಯಲಿಲ್ಲ. ಆದ್ದರಿಂದ ಲಿಂಕ್ ಮೂಲಕ ಬಂದ ಸಾಲದ ಆ್ಯಪ್ ಅನ್ನು ಮುಟ್ಟಲೇಬೇಡಿ. ಸಾಲ ಕೊಡುತ್ತಿರುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಹೆಸರು ಸ್ಪಷ್ಟವಾಗಿ ಕಾಣದಿದ್ದರೆ ಮುಂದುವರಿಯಬೇಡಿ. ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ 2025ರಿಂದ ಪ್ರಕಟಿಸುತ್ತಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಆ ಆ್ಯಪ್‌ನ ಹೆಸರಿದೆಯೇ ಎಂದು ನೋಡಿ.

ಈಗಾಗಲೇ ಸಿಕ್ಕಿಬಿದ್ದವರು ಬೆದರಿಕೆಯ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ನಾನು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನಗಳಲ್ಲಿ ಚಿತ್ರ ಇನ್ನಷ್ಟು ಜನರಿಗೆ ಹೋಯಿತು. ದೂರು ಕೊಟ್ಟ ಮೇಲೆ ಚಿತ್ರ ಕಳಿಸುವುದು ನಿಂತಿತಾದರೂ ಸಾಲ ಬೇಕೇ ಎಂಬ ಕರೆಗಳು ಇನ್ನೂ ಬರುತ್ತಿವೆ. ಪಾಲಹಳ್ಳಿ ಅತ್ತೆ ಈಗ ಹೊಸ ನಂಬರಿನ ಯಾವ ಕರೆಯನ್ನೂ ಎತ್ತುವುದಿಲ್ಲ. ಹೋದ ತಿಂಗಳು ಅವರ ಮೊಮ್ಮಗ ಗೆಳೆಯನ ಫೋನಿನಿಂದ ನಾಲ್ಕು ಬಾರಿ ಮಾಡಿದ ಕರೆಯನ್ನೂ ಎತ್ತಲಿಲ್ಲ.