ಶಾಫ್ಟಿನ ಔಟ್ ನೋಡಲು ಲೇತ್ ಸೆಂಟರಾ, ವಿ-ಬ್ಲಾಕಾ?

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ರಿಪೇರಿ ಶೆಡ್ಡಿಗೆ ಬೇಸಿಗೆಯಲ್ಲಿ ಪಂಪಿನ ಶಾಫ್ಟ್‌ಗಳೇ ಜಾಸ್ತಿ. ಹೊಲದಲ್ಲಿ ಕಬ್ಬು ಒಣಗುತ್ತಿರುತ್ತದೆ, ರೈತರು ಬಾಗಿಲಲ್ಲೇ ಕೂತಿರುತ್ತಾರೆ. ಶಾಫ್ಟಿನ ಔಟ್, ಅಂದರೆ ತಿರುಗಿಸಿದಾಗ ಅದು ಎಷ್ಟು ಓಲಾಡುತ್ತದೆ, ಎಷ್ಟು ಬಾಗಿದೆ ಅಂತ ಬೇಗ ಗೊತ್ತಾಗಬೇಕು, ತಪ್ಪಿಲ್ಲದೆಯೂ ಗೊತ್ತಾಗಬೇಕು.

ಮೊದಲೆಲ್ಲ ನಾನು ಲೇತ್‌ನ ಎರಡು ಸೆಂಟರ್ (ಶಾಫ್ಟಿನ ತುದಿಯ ಹೋಲಿಗೆ ಕೂರುವ ಮೊನೆ) ನಡುವೆ ಹಾಕಿ ಡಯಲ್ (ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಗೇಜ್) ಹಚ್ಚುತ್ತಿದ್ದೆ. ಐದು ನಿಮಿಷದ ಕೆಲಸ. ಹೋದ ವರ್ಷ ಗೋಕಾಕ ಕಡೆಯಿಂದ ಬಂದ ಶಾಫ್ಟ್ ಹೀಗೇ ಹಾಕಿದರೆ ತುದಿಯ ಬೇರಿಂಗ್ ಕೂರುವ ಜಾಗದಲ್ಲೇ ಮುಳ್ಳು 0.14 ಮಿ.ಮೀ. ಓಡಿತು. ತುದಿಗೆ ಇಷ್ಟು ಹತ್ತಿರ ಅಷ್ಟೊಂದು ಔಟ್ ಹೇಗೆ ಬರುತ್ತದೆ? ಬಿಚ್ಚಿ ಸೆಂಟರ್ ಹೋಲಿಗೆ ಟಾರ್ಚ್ ಹಿಡಿದೆ. ಇಂಪೆಲ್ಲರ್ (ಪಂಪಿನಲ್ಲಿ ನೀರು ತಳ್ಳುವ ಚಕ್ರ) ತೆಗೆಯುವಾಗ ಯಾರೋ ಹಿತ್ತಾಳೆ ತುಂಡು ಇಡದೆ ಸೀದಾ ಸುತ್ತಿಗೆಯಿಂದ ಹೊಡೆದಿದ್ದರು, ಹೋಲಿನ ಒಂದು ಅಂಚು ಒಳಕ್ಕೆ ಮಡಚಿ ಉಗುರಿಗೆ ತಾಗುತ್ತಿತ್ತು. ಅದೇ ಶಾಫ್ಟನ್ನು ಸಪಾಟಾದ ಸರ್ಫೇಸ್ ಪ್ಲೇಟ್ ಮೇಲೆ ಎರಡು ವಿ-ಬ್ಲಾಕಿನಲ್ಲಿ (ವಿ ಆಕಾರದ ಗಾಡಿ ಇರುವ ದಿಮ್ಮಿ), ಬೇರಿಂಗ್ ಜಾಗಗಳಲ್ಲೇ ಆಧಾರ ಕೊಟ್ಟು ತಿರುಗಿಸಿದೆ. ನಡುವೆ ಬರೀ 0.06.

ಅವತ್ತಿನಿಂದ ನನ್ನ ಮತ ವಿ-ಬ್ಲಾಕಿಗೇ. ಪಂಪಿನೊಳಗೆ ಶಾಫ್ಟ್ ತಿರುಗುವುದು ಬೇರಿಂಗ್ ಮೇಲೆ, ಸೆಂಟರ್ ಹೋಲಿನ ಮೇಲಲ್ಲ ಅಲ್ವಾ? ಆದರೆ ಶಾಫ್ಟ್ ಉದ್ದಕ್ಕೆ ಸರಿಯದಂತೆ ಒಂದು ತುದಿಗೆ ಸ್ಟಾಪರ್ ಇಡಲೇಬೇಕು. ಶಾಫ್ಟ್ ಬೇರಿಂಗಿನ ಒಳಗೇ ಜಾರಿ ತಿರುಗಿ ಆ ಜಾಗ ಸವೆದು ಅಂಡಾಕಾರ ಆಗಿದ್ದರೆ ವಿ-ಬ್ಲಾಕೂ ಸುಳ್ಳು ಹೇಳುತ್ತದೆ. ಆಗ ಹೋಲ್ ಚೆನ್ನಾಗಿದ್ದರೆ ಸೆಂಟರೇ ವಾಸಿ. ಲೇತಿನ ಮೂರು ಜಾ (ಹಿಡಿಯುವ ದವಡೆ) ಚಕ್ಕಿನಲ್ಲಿ ಹಿಡಿದು ನೋಡುವುದು ಮಾತ್ರ ಬೇಡ, ಚಕ್ಕಿನ ಔಟೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಡಯಲಿನಲ್ಲಿ ನನಗೆ ಕಡ್ಡಿ ನೇರ ಒಳಹೊರಗೆ ಹೋಗುವ ಪ್ಲಂಜರ್ ಇಷ್ಟ. ಕಡ್ಡಿ ಪಕ್ಕಕ್ಕೆ ವಾಲುವ ಲಿವರ್ ಡಯಲ್ ಇಕ್ಕಟ್ಟಿನಲ್ಲಿ ಹೋಗುತ್ತದೆ ನಿಜ, ಆದರೆ ಕಡ್ಡಿ ಓರೆಯಾದಷ್ಟೂ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಇನ್ನು ಸರಿಮಾಡುವುದು. ಡಯಲ್ 0.06 ತೋರಿಸಿದರೆ ಬಾಗು ಅದರ ಅರ್ಧ, 0.03. ಹೊಸ ಹುಡುಗರು ಇಲ್ಲೇ ಎಡವುತ್ತಾರೆ. ಉಬ್ಬಿದ ಬದಿಗೆ ಚಾಕಿನಿಂದ ಗುರುತು ಹಾಕಿ, ಅದನ್ನು ಮೇಲೆ ಮಾಡಿ ಹ್ಯಾಂಡ್ ಪ್ರೆಸ್ಸಿನಲ್ಲಿ ಒತ್ತುತ್ತೇನೆ, ಕೆಳಗೆ ಡಯಲ್ ಇರುತ್ತದೆ. ಗೋಕಾಕದ ಆ ಶಾಫ್ಟ್ ಮೊದಲ ಎರಡು ಸಲ ಒತ್ತಿ ಬಿಟ್ಟಾಗ ಸ್ಪ್ರಿಂಗಿನಂತೆ ವಾಪಸ್ ಬಂದು ಮುಳ್ಳು ಅಲ್ಲೇ ನಿಂತಿತು. ಪ್ರತಿ ಸಲ ಚೂರು ಚೂರೇ ಜಾಸ್ತಿ ಒತ್ತಬೇಕು. ಅವಸರ ಮಾಡಿದರೆ ಆಚೆ ಕಡೆಗೆ ಬಾಗುತ್ತದೆ. ಆರನೇ ಸಲಕ್ಕೆ ಡಯಲ್ 0.02ಕ್ಕೆ ಇಳಿಯಿತು.

ಗ್ಯಾಸಿನಿಂದ ಬಿಸಿ ಮಾಡಿಯೂ ನೋಡಿದ್ದೇನೆ. ಉಬ್ಬಿದ ಜಾಗ ಕಾಯಿಸಿದಾಗ ಶಾಫ್ಟ್ ಮೊದಲು ಇನ್ನಷ್ಟು ಬಾಗುತ್ತದೆ, ತಣ್ಣಗಾಗುವಾಗ ಆ ಬದಿ ಕುಗ್ಗಿ ಎಳೆದುಕೊಳ್ಳುತ್ತದೆ. ಪೂರ್ತಿ ಆರುವ ತನಕ ಎಷ್ಟು ಬಂತು ಅಂತ ಹೇಳಲಾಗುವುದಿಲ್ಲ. ಪ್ರೆಸ್ಸಿಗೆ ಬಗ್ಗದ ದಪ್ಪ ಶಾಫ್ಟಿಗೆ ಮಾತ್ರ ಅದು. ಹಾರ್ಡ್ ಮಾಡಿದ ಶಾಫ್ಟಿಗೆ ಬೆಂಕಿ ಹಚ್ಚಲೇಬೇಡಿ, ಅದರ ಗಡಸುತನವೇ ಹೋಗುತ್ತದೆ.