‘ಮನೆತನದ ಮಾಲು, ಮೊದಲ ಸಲ ಮಾರಾಟಕ್ಕೆ’: ಹುಬ್ಬಳ್ಳಿಯ ಒಂದು ನಾಣ್ಯದಂಗಡಿಯ ವಿಮರ್ಶೆ

ದುರ್ಗದ ಬೈಲ್ ಸಮೀಪದ ಈ ಅಂಗಡಿಯಲ್ಲಿ ಸಂಗ್ರಾಹಕರು ಮೊದಲು ಬಗ್ಗಿ ನೋಡುವುದು ಬಾಗಿಲ ಬಲಕ್ಕಿರುವ ಗಾಜಿನ ಶೋಕೇಸನ್ನು. ಅದರೊಳಗಿನ ಒಂದೊಂದು ನಾಣ್ಯಕ್ಕೂ ‘ಮನೆತನದ ಮಾಲು, ಮೊದಲ ಸಲ ಮಾರಾಟಕ್ಕೆ’ ಎಂಬ ಚೀಟಿ ಇದೆ, ದರವೂ ಅದಕ್ಕೆ ತಕ್ಕಂತೆ ಏರಿದೆ. ಅದೇ ಇಸವಿಯ, ಅಷ್ಟೇ ಸವೆದ ರೂಪಾಯಿ ಪಕ್ಕದ ಟ್ರೇಯಲ್ಲಿ ಕಡಿಮೆಗೆ ಸಿಗುತ್ತದೆ. ಆ ಹೆಚ್ಚಿನ ರೊಕ್ಕ ಯಾವ ನಾಣ್ಯಕ್ಕೆ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂದು ನೋಡಲು ಇಡೀ ಶೋಕೇಸನ್ನು ಲೂಪ್ (ಭೂತಗನ್ನಡಿ) ಹಿಡಿದು ಪರಿಶೀಲಿಸಿದ್ದೇವೆ.

‘ಮೊದಲ ಸಲ’ ಎಂದರೆ ದರ ಏರುವುದೇಕೆ? ಅಪರೂಪದ ನಾಣ್ಯವೊಂದು ಎರಡು ಮೂರು ವರ್ಷಕ್ಕೊಮ್ಮೆ ಹರಾಜಿಗೆ ಬರುತ್ತಿದ್ದರೆ ಅದರ ಜಾತಕವೆಲ್ಲ ಬಯಲಾಗಿರುತ್ತದೆ. ಕಳೆದ ಸಲ ಎಷ್ಟಕ್ಕೆ ಹೋಯಿತು, ಏಕೆ ಮತ್ತೆ ಬಂತು ಎಂಬುದು ಕೊಳ್ಳುವವರಿಗೆಲ್ಲ ಗೊತ್ತು. ಹೀಗಾಗಿ ಕೂಗು ಏರುವುದಿಲ್ಲ. ಮೂವತ್ತು ನಲವತ್ತು ವರ್ಷ ವಾಡೆಯ ತಿಜೋರಿಯಲ್ಲೇ ಇದ್ದು ಈಗ ಹೊರಬಿದ್ದ ನಾಣ್ಯವನ್ನು ಯಾರೂ ನೋಡಿರುವುದಿಲ್ಲ, ಬೇಡವೆಂದು ಬಿಟ್ಟವರೂ ಇಲ್ಲ. ಪೈಪೋಟಿ ಹುಟ್ಟುವುದು ಅಲ್ಲಿ. ಫಳಫಳ ಹೊಳೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಿಜೋರಿಯಿಂದ ನೇರ ಬಂದ ಬೆಳ್ಳಿ ಸಾಮಾನ್ಯವಾಗಿ ಮಬ್ಬಾಗಿಯೇ ಇರುತ್ತದೆ.

ಈ ಅಂಗಡಿಯ ನಿಜವಾದ ಆಸ್ತಿ ಬ್ರಿಟಿಷರ ಕಾಲದ ರಾಣಿ ಛಾಪು, ರಾಜ ಛಾಪು ಬೆಳ್ಳಿ ರೂಪಾಯಿಗಳ ಲಾಟ್. 1862ರ ವಿಕ್ಟೋರಿಯಾ, 1877ರ ನಂತರದ ‘ಎಂಪ್ರೆಸ್’ (ಸಾಮ್ರಾಜ್ಞಿ) ಎಂದು ಬರೆದ ಬಗೆ, ಜೊತೆಗೆ 1903ರಿಂದ 1910ರವರೆಗಿನ ಎಡ್ವರ್ಡ್. ಇವುಗಳಲ್ಲಿ ಹೆಚ್ಚಿನವುಗಳ ಮೈಗೆ ಯಾರೂ ಕೈ ಹಚ್ಚಿಲ್ಲ. ಒಂದು ಎಡ್ವರ್ಡ್ ರೂಪಾಯಿಯನ್ನು ಒಂಟಿ ಬಲ್ಬಿನ ಕೆಳಗೆ ಹಿಡಿದು ಓರೆಮಾಡಿದರೆ ಅಂಚಿನಲ್ಲಿ ನೀಲಿ, ಒಳಕ್ಕೆ ಸರಿದಂತೆ ಕಂದು, ನಡುವೆ ಬೂದು ಬಣ್ಣ. ಆ ಬಣ್ಣದ ಅಡಿಯಲ್ಲೇ ಬೆಳಕಿನ ಪಟ್ಟೆಯೊಂದು ನಾಣ್ಯದ ಸುತ್ತ ತಿರುಗುತ್ತದೆ. ಅಕ್ಷರಗಳ ಸಂದಿಯಲ್ಲಿ ಕುಂಕುಮದ ಕೆಂಪು ಇನ್ನೂ ಉಳಿದಿದೆ. ಲಕ್ಷ್ಮೀಪೂಜೆಗೆ ಇಟ್ಟ ನಾಣ್ಯ ಇದು, ಆದರೆ ತೊಳೆದದ್ದಲ್ಲ. ಇಂಥದ್ದು ನಮ್ಮ ಭಾಗದಲ್ಲಿ ಬಲು ಅಪರೂಪ. ಇಲ್ಲಿ ಮನೆಯ ನಾಣ್ಯ ಕೆಡುವುದೇ ಭಕ್ತಿಯಿಂದ: ದೀಪಾವಳಿಗೊಮ್ಮೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಾರೆ. ಹುಣಸೆಯ ಹುಳಿ ಮೇಲ್ಪದರ ತಿನ್ನುತ್ತದೆ, ವಿಭೂತಿಯ ಪುಡಿ ಕೂದಲೆಳೆಯಂಥ ಗೀರು ಬಿಡುತ್ತದೆ. ಆಮೇಲೆ ಎಷ್ಟು ಓರೆಮಾಡಿದರೂ ಬೆಳಕಿನ ಪಟ್ಟೆ ತಿರುಗುವುದಿಲ್ಲ, ನಾಣ್ಯ ಬರೀ ಬೆಳ್ಳಗೆ ಕಾಣುತ್ತದೆ. ಕುಂಕುಮವನ್ನೂ ತೆಗೆಯದೆ ಹಾಗೇ ಇಟ್ಟದ್ದಕ್ಕೆ ಅಂಗಡಿಯವರನ್ನು ಮನಸಾರೆ ಮೆಚ್ಚಬೇಕು.

ಅದೇ ಲಾಟಿನ ನಾಲ್ಕಾರು ರೂಪಾಯಿಗಳನ್ನು ಮಾತ್ರ ಬಿಡಿ. ರಾಣಿಯ ತಲೆಯ ಮೇಲಿನ ಅಂಚು ನೋಡಿ: ಅಲ್ಲಿ ಅಂಚಿನ ಹಲ್ಲು ಮಾಸಿದೆ, ಬೆಸುಗೆಯ ಬೂದು ಕಲೆ ಇದೆ. ಸರಕ್ಕೆ ಪೋಣಿಸಲು ಹಾಕಿದ್ದ ಕೊಂಡಿಯನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ. ಇವೂ ಮನೆಯಿಂದಲೇ ಬಂದಿವೆ, ಹಿಂದೆ ಮಾರಾಟಕ್ಕೂ ಬಂದಿರಲಿಕ್ಕಿಲ್ಲ. ಆದರೆ ಬೆಸುಗೆ ಬಿದ್ದ ನಾಣ್ಯಕ್ಕೆ ಬೆಳ್ಳಿಯ ದರದ ಮೇಲೆ ಹೆಚ್ಚು ಕೊಡುವ ಕಾರಣವಿಲ್ಲ.

ಕೌಂಟರಿನಲ್ಲಿ 0.01 ಗ್ರಾಂ ತೋರಿಸುವ ತಕ್ಕಡಿ ಇದೆ, ಕೇಳಿದರೆ ಬೇಸರಿಸದೆ ಕೊಡುತ್ತಾರೆ. ಈ ರೂಪಾಯಿಗಳ ನಿಗದಿತ ತೂಕ 11.66 ಗ್ರಾಂ, ಬೆಳ್ಳಿ ಶೇ 91.7. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಹೆಚ್ಚು ತೂಗಿದರೆ ಅನುಮಾನಿಸಿ. ತೂಕ ಸರಿಯಿದ್ದರೂ ಸಾಲದು. ನೀರು ಹಾಕಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿದರೆ ತಕ್ಕಡಿ ನಾಣ್ಯ ಸರಿಸಿದ ನೀರಿನ ತೂಕವನ್ನು, ಅಂದರೆ 1.13 ಗ್ರಾಂ ಆಸುಪಾಸು, ತೋರಿಸಬೇಕು. 1.25 ದಾಟಿದರೆ ಅದು ಆ ಬೆಳ್ಳಿಯಲ್ಲ. ಒದ್ದೆ ನಾಣ್ಯವನ್ನು ಒರೆಸಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ.

ಇನ್ನು ತಕರಾರಿನ ವಿಷಯ. ಶೋಕೇಸಿನ ನಟ್ಟನಡುವೆ 1939ರ ಜಾರ್ಜ್ ರೂಪಾಯಿ ಸ್ಲ್ಯಾಬಿನಲ್ಲಿದೆ (ಗ್ರೇಡಿಂಗ್ ಕಂಪನಿ ನಾಣ್ಯಕ್ಕೆ ದರ್ಜೆ ಕೊಟ್ಟು ಮುಚ್ಚಿದ ಪ್ಲಾಸ್ಟಿಕ್ ಕವಚ), ಅದಕ್ಕೂ ‘ಮೊದಲ ಸಲ’ ಎಂಬ ಚೀಟಿ. 1939 ನಿಜಕ್ಕೂ ದುರ್ಲಭ ಇಸವಿ. 1938ರ ‘8’ ಅನ್ನು ಕೊರೆದು ‘9’ ಮಾಡುವವರಿದ್ದಾರೆ, ಆದ್ದರಿಂದ ಸ್ಲ್ಯಾಬ್ ಇರುವುದು ಒಳ್ಳೆಯದೇ. ಸರ್ಟಿಫಿಕೇಟ್ ಸಂಖ್ಯೆಯನ್ನು ಗ್ರೇಡಿಂಗ್ ಕಂಪನಿಯ ಜಾಲತಾಣದಲ್ಲಿ ಹಾಕಿದರೆ ತಾಳೆಯೂ ಆಗುತ್ತದೆ. ಆದರೆ ಈ ನಾಣ್ಯ ಹಿಂದೆಯೇ ಹರಾಜು ಕಂಡಿದೆ. ಹಳೆಯ ಹರಾಜಿನ ಚಿತ್ರದಲ್ಲಿ ರಾಜನ ಮೂಗಿನ ಮುಂದೆ ಇರುವ ಓರೆ ಗೀರು, ಕತ್ತಿನ ಹಿಂದಿನ ಸಣ್ಣ ಕುಳಿ ಎರಡೂ ಇದರಲ್ಲಿ ಅದೇ ಜಾಗದಲ್ಲಿವೆ. ಬದಲಾದದ್ದು ಮೈಬಣ್ಣ: ಆಗ ಹೊಂಬಣ್ಣ, ಈಗ ಅಚ್ಚ ಬಿಳಿ. ದ್ರಾವಣದಲ್ಲಿ ಅದ್ದಿ, ಹಳೇ ಸ್ಲ್ಯಾಬ್ ಒಡೆದು, ಮತ್ತೆ ಗ್ರೇಡಿಂಗಿಗೆ ಕಳಿಸಿದ ಲಕ್ಷಣ ಇದು. ಸಂಖ್ಯೆ ಹೊಸದು, ನಾಣ್ಯ ಹಳೇ ಪರಿಚಯದ್ದೇ. ಹಳೇ ಲೇಬಲನ್ನು ಕಂಪನಿಗೆ ಮರಳಿಸದಿದ್ದರೆ ಅವರ ಪಟ್ಟಿಯಲ್ಲಿ ಒಂದೇ ನಾಣ್ಯ ಎರಡಾಗಿ ಎಣಿಕೆಯಾಗುತ್ತದೆ ಎಂಬುದೂ ನೆನಪಿರಲಿ. ಚೀಟಿ ತೆಗೆದು ಸಾಮಾನ್ಯ ದರಕ್ಕೆ ಇಟ್ಟರೆ ಇದು ಕೊಳ್ಳಬಹುದಾದ ನಾಣ್ಯವೇ. ಚೀಟಿಯ ದರಕ್ಕೆ ಬೇಡ.

ಟಿಪ್ಪುವಿನ ಪೈಸೆ, ಮರಾಠರ ಹೊನ್ನಿನಂಥ ಕೈಯಚ್ಚಿನ ನಾಣ್ಯಗಳಲ್ಲಿ ಈ ತಾಳೆ ಇನ್ನೂ ಸಲೀಸು. ಒಂದರ ಬಿಲ್ಲೆಯ ಆಕಾರ, ಅಚ್ಚು ಸರಿದ ರೀತಿ, ಅಂಚಿನ ಬಿರುಕು ಇನ್ನೊಂದರಲ್ಲಿ ಇರುವುದಿಲ್ಲ. ಹಳೇ ಕ್ಯಾಟಲಾಗಿನ ಚಿತ್ರದ ಪಕ್ಕ ಇಟ್ಟರೆ ಎರಡೇ ನಿಮಿಷದ ಕೆಲಸ.

ಚಿನ್ನದ ವಿಷಯದಲ್ಲಿ ಖಡಾಖಂಡಿತ ಹೇಳಬೇಕಾದದ್ದಿದೆ. ಗದ್ಯಾಣ, ವರಾಹ ಎಂದೊಡನೆ ಮಾತು ಲಕ್ಕುಂಡಿಗೆ ಹೋಗುತ್ತದೆ. ಅದು ಚಾಲುಕ್ಯರ ಕಾಲದ ಟಂಕಸಾಲೆಯ ಊರು, ಶಾಸನಗಳಲ್ಲಿ ಲೊಕ್ಕಿ ಗದ್ಯಾಣದ ಹೆಸರಿದೆ. ಆ ಹೆಸರು ಹೇಳಿ ‘ಹೊಲದಲ್ಲಿ ಈಗಷ್ಟೇ ಸಿಕ್ಕಿದ್ದು’ ಎಂದು ಯಾರಾದರೂ ತೋರಿಸಿದರೆ ಕೈಯಲ್ಲೂ ಹಿಡಿಯಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ವಿದೇಶಕ್ಕೆ ಕಳಿಸುವಂತಿಲ್ಲ. ಈ ಅಂಗಡಿಯಲ್ಲಿ ಪರವಾನಗಿ ಗೋಡೆಯ ಮೇಲೇ ಇದೆ, ಹೊಲದ ಮಾಲು ಮುಟ್ಟುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಈ ಒಂದು ಕಾರಣಕ್ಕೇ ಇಲ್ಲಿ ವ್ಯವಹಾರ ಮಾಡಬಹುದು.

ಪ್ಯಾಕಿಂಗ್ ಸುಧಾರಿಸಬೇಕು. ಮೆತ್ತನೆಯ ಪಿವಿಸಿ ಕವರಿನಲ್ಲಿ ನಾಣ್ಯ ಕೊಡುತ್ತಾರೆ. ಕಾಲಾಂತರದಲ್ಲಿ ಅದರಿಂದ ಹಸಿರು ಜಿಗುಟು ಒಸರಿ ಬೆಳ್ಳಿಯನ್ನೇ ತಿನ್ನುತ್ತದೆ. ಮನೆಗೆ ಬಂದ ದಿನವೇ ಪಿವಿಸಿ ಇಲ್ಲದ ಹೋಲ್ಡರಿಗೆ ಬದಲಾಯಿಸಿ. ಜಿಗುಟು ಆಗಲೇ ಹಿಡಿದಿದ್ದರೆ ಶುದ್ಧ ಅಸಿಟೋನನ್ನು ಗಾಜಿನ ಬಟ್ಟಲಿನಲ್ಲಿ ಹಾಕಿ, ಕಿಟಕಿ ತೆರೆದು, ಉಜ್ಜದೆ ಬರೀ ನೆನೆಸಿ ತೆಗೆಯಿರಿ. ಉಗುರುಬಣ್ಣ ತೆಗೆಯುವ ದ್ರವ ನಡೆಯುವುದಿಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತವೆ.

ಕೊಳ್ಳುವ ಮುನ್ನ ಬಿಲ್ಲಿನ ವಿಷಯ ಮಾತಾಡಿಕೊಳ್ಳಿ. ಕೇಳದಿದ್ದರೆ ‘ಬೆಳ್ಳಿ ನಾಣ್ಯ 1’ ಎಂದಷ್ಟೇ ಬರೆದು ಕೊಡುತ್ತಾರೆ. ಇಸವಿ, ಟಂಕಸಾಲೆ, ತೂಕ, ಎರಡೂ ಬದಿಯ ಫೋಟೊ, ಯಾವ ಊರಿನ ಮನೆತನದಿಂದ ಯಾವ ವರ್ಷ ಕೊಂಡದ್ದು ಎಂಬುದನ್ನು ಬರೆಸಿಕೊಳ್ಳಿ. ಜೊತೆಗೆ ಬಂದ ಹಳೇ ಲಕೋಟೆ, ಕೈಬರಹದ ಚೀಟಿ ಇದ್ದರೆ ಅವನ್ನೂ ಕೇಳಿ ಪಡೆಯಿರಿ. ಎಡ್ವರ್ಡ್ ಲಾಟಿನ ಲಕೋಟೆಗಳು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿವೆ, ಕೇಳಿದವರಿಗಷ್ಟೇ ಕೊಡುತ್ತಿದ್ದಾರೆ.